ಹೊಸ ಮಕ್ಕಳ ಪುಸ್ತಕ ಕೈಗೆ ಬಂದಾಗ: ವಿಮರ್ಶೆ ಬರೆಯುವವರಿಗೆ ಒಂದು ಮಾರ್ಗದರ್ಶಿ

‘ಮಕ್ಕಳ ಮನಸ್ಸಿಗೆ ಮುದ ನೀಡುವ, ಜೊತೆಗೆ ನೀತಿಯನ್ನೂ ಬೋಧಿಸುವ, ಮುದ್ದಾದ ಚಿತ್ರಗಳಿರುವ ಈ ಪುಸ್ತಕ ಪ್ರತಿ ಮನೆಯಲ್ಲೂ ಇರಬೇಕು.’ ಇಂಥ ವಾಕ್ಯವನ್ನು ನೀವೂ ಓದಿರುತ್ತೀರಿ. ಅದು ಯಾವ ಪುಸ್ತಕದ ಬಗ್ಗೆ ಬರೆದದ್ದು ಎಂಬುದು ಮಾತ್ರ ನೆನಪಿರುವುದಿಲ್ಲ. ಯಾವ ಪುಸ್ತಕಕ್ಕೆ ಅಂಟಿಸಿದರೂ ಅಂಟಿಕೊಳ್ಳುವ ಮಾತು ಅದು. ದೊಡ್ಡವರ ಕಾದಂಬರಿಯ ಬಗ್ಗೆ ಹೀಗೆ ಬರೆದುಕೊಟ್ಟರೆ ಸಂಪಾದಕರು ತಿದ್ದಿ ತನ್ನಿ ಎನ್ನುತ್ತಾರೆ. ಮಕ್ಕಳ ಪುಸ್ತಕದ ಬಗ್ಗೆ ಬರೆದರೆ ಹಾಗೆಯೇ ಅಚ್ಚಾಗುತ್ತದೆ. ವರ್ಷಗಳಿಂದ ಮಕ್ಕಳ ಪುಸ್ತಕಗಳ ಬಗ್ಗೆ ಬರೆಯುತ್ತಿರುವ ನನಗೆ ಇದು ನೋವಿನ ಸಂಗತಿ.

ಏಕೆಂದರೆ ಈ ವಿಮರ್ಶೆಯ ಮೇಲೆ ಬೇರೆ ಯಾವ ವಿಮರ್ಶೆಗೂ ಇಲ್ಲದ ಒಂದು ಹೊಣೆ ಇದೆ. ಪುಸ್ತಕವನ್ನು ಓದುವವರು ಮಕ್ಕಳು; ಕೊಳ್ಳುವವರು, ಗ್ರಂಥಾಲಯಕ್ಕೆ ತರಿಸುವವರು, ತರಗತಿಯಲ್ಲಿ ಓದಿಸುವವರು ದೊಡ್ಡವರು. ನಿಮ್ಮ ಬರಹವನ್ನು ಓದುವುದೂ ಈ ದೊಡ್ಡವರೇ. ನೀವು ಹೇಳಿದ್ದು ತಪ್ಪು ಎಂದು ಎದ್ದು ನಿಂತು ಹೇಳುವ ಅವಕಾಶ ಏಳು ವರ್ಷದ ಮಗುವಿಗೆ ಇಲ್ಲ. 1947ರಲ್ಲಿ ಪ್ರಕಟವಾದ ‘ಗುಡ್‌ನೈಟ್ ಮೂನ್’ ಎಂಬ ಚಿತ್ರಪುಸ್ತಕ ಇಂದು ಲೋಕದ ಎಷ್ಟೋ ಮನೆಗಳಲ್ಲಿ ಮಲಗುವ ಹೊತ್ತಿನ ಓದು. ಆದರೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಅದನ್ನು ತನ್ನ ಕಪಾಟಿಗೆ ಸೇರಿಸಿಕೊಂಡದ್ದು 1972ರಲ್ಲಿ. ಅಲ್ಲಿನ ಮಕ್ಕಳ ವಿಭಾಗವನ್ನು ದಶಕಗಳ ಕಾಲ ನಡೆಸಿದ್ದ ಆನ್ ಕ್ಯಾರಲ್ ಮೂರ್ ಅವರಿಗೆ ಆ ಬಗೆಯ ಪುಸ್ತಕ ಹಿಡಿಸುತ್ತಿರಲಿಲ್ಲ. 1941ರಲ್ಲೇ ನಿವೃತ್ತರಾಗಿದ್ದರೂ ಅವರ ಮಾತು ನಡೆಯುತ್ತಿತ್ತು. ಮೂರ್ ಸಾಮಾನ್ಯರಲ್ಲ, ಮಕ್ಕಳ ಪುಸ್ತಕಗಳನ್ನು ಗಂಭೀರವಾಗಿ, ನಿಯಮಿತವಾಗಿ ವಿಮರ್ಶಿಸಿದ ಮೊದಲಿಗರ ಸಾಲಿನಲ್ಲಿ ಅವರಿದ್ದಾರೆ. ಅಂಥವರ ಒಂದು ಅಭಿರುಚಿ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚಿಸಬಲ್ಲದು ಎಂಬುದನ್ನು ಲೇಖನಿ ಹಿಡಿಯುವ ಮುಂಚೆ ನೆನೆಯುವುದು ಒಳ್ಳೆಯದು.

ನಾನು ಅನುಸರಿಸುವ ಕ್ರಮವನ್ನು ಕೆಳಗೆ ಬರೆದಿದ್ದೇನೆ. ಹೊಸದಾಗಿ ವಿಮರ್ಶೆಗೆ ತೊಡಗುವ ಶಿಕ್ಷಕರು, ಗ್ರಂಥಪಾಲಕರು, ಓದುವ ತಂದೆತಾಯಂದಿರು ಇದನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ಮೊದಲು ಪೂರ್ತಿ ಓದಿ, ಪೆನ್ಸಿಲ್ ಇಲ್ಲದೆ

ಇಷ್ಟು ಸರಳವಾದದ್ದನ್ನೂ ಹೇಳಬೇಕೆ ಎನ್ನಬೇಡಿ. 1969ರಲ್ಲಿ ಹೆಸರಾಂತ ಮನೋವಿಜ್ಞಾನಿ ಬ್ರೂನೋ ಬೆಟಲ್‌ಹೈಮ್ ಒಂದು ಮಹಿಳಾ ಪತ್ರಿಕೆಯ ಅಂಕಣದಲ್ಲಿ ಮಾರಿಸ್ ಸೆಂಡಾಕ್ ಅವರ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ ಚಿತ್ರಪುಸ್ತಕವನ್ನು ಟೀಕಿಸಿದರು. ಅದರಲ್ಲಿ ತುಂಟ ಹುಡುಗನೊಬ್ಬನನ್ನು ಊಟವಿಲ್ಲದೆ ಮಲಗಲು ಕಳುಹಿಸುತ್ತಾರೆ; ಇಂಥ ಶಿಕ್ಷೆ ಮಕ್ಕಳಲ್ಲಿ ಭಯ ಹುಟ್ಟಿಸುತ್ತದೆ ಎಂಬುದು ಬೆಟಲ್‌ಹೈಮ್ ಅವರ ವಾದ. ಪುಸ್ತಕವನ್ನು ಅವರು ಓದಿರಲೇ ಇಲ್ಲ. ಓದಿದ್ದರೆ, ಕೊನೆಯಲ್ಲಿ ಆ ಹುಡುಗನಿಗಾಗಿ ಊಟ ಕಾದಿರುವುದು, ಅದು ಇನ್ನೂ ಬಿಸಿಯಾಗಿಯೇ ಇರುವುದು ಕಣ್ಣಿಗೆ ಬೀಳುತ್ತಿತ್ತು.

ಮೊದಲ ಓದು ಓದುಗರಾಗಿ. ಬೆನ್ನುಡಿ, ಮುನ್ನುಡಿ, ಲೇಖಕರ ಪರಿಚಯ ಎಲ್ಲವನ್ನೂ ಬದಿಗಿಟ್ಟು ನೇರವಾಗಿ ಕತೆಗೆ ಹೋಗಿ. ಎಲ್ಲಿ ನಕ್ಕಿರಿ, ಎಲ್ಲಿ ಬೇಸರವಾಯಿತು, ಎಲ್ಲಿ ಪುಟ ಹಾರಿಸಬೇಕೆನಿಸಿತು ಎಂಬುದು ಈ ಓದಿನಲ್ಲಷ್ಟೇ ನಿಜವಾಗಿ ಗೊತ್ತಾಗುವುದು. ಎರಡನೇ ಓದಿನಲ್ಲಿ ಪೆನ್ಸಿಲ್ ಹಿಡಿದು, ಆ ಜಾಗಗಳಿಗೆ ಹಿಂತಿರುಗಿ, ಅದು ಏಕೆ ಹಾಗಾಯಿತೆಂದು ಹುಡುಕಿ. ಪುಟಸಂಖ್ಯೆ ಬರೆದಿಟ್ಟುಕೊಳ್ಳಿ. ವಿಮರ್ಶೆ ಬರೆಯುವಾಗ ನಿಮ್ಮ ಕೈಯಲ್ಲಿರುವ ಸಾಕ್ಷಿ ಇದೊಂದೇ.

ಗಟ್ಟಿಯಾಗಿ ಓದಿ

ಚಿಕ್ಕ ಮಕ್ಕಳ ಪುಸ್ತಕ ಕಿವಿಯ ಮೂಲಕ ಒಳಗೆ ಹೋಗುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡ ವಾಕ್ಯ ಬಾಯಿಗೆ ಬಂದಾಗ ಮುಗ್ಗರಿಸುವುದುಂಟು. ಉಸಿರು ತೆಗೆದುಕೊಳ್ಳಲು ಎಡೆಯಿದೆಯೇ? ಪ್ರಾಸಕ್ಕಾಗಿ ಪದವನ್ನು ತಿರುಚಿದ್ದಾರೆಯೇ? ಮಾತಾಡುವ ಪಾತ್ರಗಳು ಬೇರೆಬೇರೆಯಾಗಿ ಕೇಳಿಸುತ್ತವೆಯೇ, ಅಥವಾ ಇಲಿ, ಆನೆ, ಅಜ್ಜಿ ಎಲ್ಲರೂ ಒಬ್ಬರೇ ಶಿಕ್ಷಕರಂತೆ ಮಾತಾಡುತ್ತಾರೆಯೇ? ಈ ಕೊನೆಯ ದೋಷ ಎಷ್ಟು ಸಾಮಾನ್ಯವೆಂದರೆ ನಾನು ಮೊದಲ ನಾಲ್ಕು ಪುಟಗಳಲ್ಲೇ ಅದನ್ನು ಹುಡುಕುತ್ತೇನೆ. ಅನುವಾದಿತ ಪುಸ್ತಕವಾದರೆ ಗಟ್ಟಿ ಓದು ಇನ್ನೂ ಮುಖ್ಯ. ಸಂಭಾಷಣೆಯಲ್ಲಿ ಮೂಲ ಭಾಷೆಯ ಮೂಳೆ ತಾಕಿದರೆ ಕಿವಿ ಕೂಡಲೇ ಹೇಳುತ್ತದೆ. ಅನುವಾದಕರ ಹೆಸರನ್ನು ವಿಮರ್ಶೆಯ ತಲೆಯಲ್ಲೇ ಬರೆಯಿರಿ. ಮಗು ಓದುತ್ತಿರುವ ಒಂದೊಂದು ಪದವನ್ನೂ ಆರಿಸಿದವರು ಅವರು.

ಚಿತ್ರಗಳನ್ನು ಓದಲು ಕಲಿಯಿರಿ

‘ಚಿತ್ರಗಳು ಅಂದವಾಗಿವೆ’ ಎಂಬ ಒಂದೇ ವಾಕ್ಯದಲ್ಲಿ ಕಲಾವಿದರನ್ನು ಬೀಳ್ಕೊಡುವ ವಿಮರ್ಶೆ ಅರ್ಧ ಪುಸ್ತಕವನ್ನು ಓದಿಲ್ಲ ಎಂದೇ ಅರ್ಥ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟಗಳದ್ದು. ಪಠ್ಯ ಐನೂರು ಪದ ದಾಟುವುದು ಕಡಿಮೆ. ಹಾಗಾದರೆ ಉಳಿದ ಕತೆಯನ್ನು ಹೇಳುತ್ತಿರುವವರು ಯಾರು?

ಒಂದು ಉಪಾಯ ಹೇಳುತ್ತೇನೆ. ಪಠ್ಯದ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿ, ಚಿತ್ರಗಳನ್ನಷ್ಟೇ ಮೊದಲಿನಿಂದ ಕೊನೆಯವರೆಗೆ ನೋಡಿ. ಆಮೇಲೆ ಚಿತ್ರಗಳನ್ನು ಮುಚ್ಚಿ ಪಠ್ಯವನ್ನಷ್ಟೇ ಓದಿ. ಎರಡೂ ಒಂದೇ ಮಾತನ್ನು ಹೇಳುತ್ತಿದ್ದರೆ ಅಲ್ಲಿ ಚಿತ್ರ ಬರೀ ಅಲಂಕಾರ. ಪಠ್ಯ ಹೇಳದ್ದನ್ನು ಚಿತ್ರ ಹೇಳುತ್ತಿದ್ದರೆ, ಅಥವಾ ಪಠ್ಯಕ್ಕೆ ಎದುರಾಡುತ್ತಿದ್ದರೆ, ನಿಮಗೆ ಬರೆಯಲು ವಿಷಯ ಸಿಕ್ಕಿತು. ಮೇಲೆ ಹೇಳಿದ ಸೆಂಡಾಕ್ ಅವರ ಪುಸ್ತಕವನ್ನೇ ನೋಡಿ. ಆರಂಭದಲ್ಲಿ ಚಿತ್ರ ಚಿಕ್ಕದು, ಸುತ್ತಲೂ ಬಿಳಿ ಅಂಚು. ಹುಡುಗನ ಕಲ್ಪನೆ ಬೆಳೆದಂತೆ ಚಿತ್ರವೂ ಬೆಳೆಯುತ್ತದೆ, ಅಂಚು ಕರಗುತ್ತದೆ. ಅವನು ಕಲ್ಪನೆಯ ಕಾಡುಜೀವಿಗಳ ಜೊತೆ ಕುಣಿಯುವ ಹೊತ್ತಿಗೆ ಮೂರು ಜೋಡಿಪುಟಗಳಲ್ಲಿ ಒಂದೂ ಪದವಿಲ್ಲ. ಅವನು ಮನೆಗೆ ಮರಳಿದಂತೆ ಚಿತ್ರ ಕುಗ್ಗಿ, ಕಟ್ಟಕಡೆಯ ಪುಟದಲ್ಲಿ ಚಿತ್ರವೇ ಇಲ್ಲದೆ ಕೆಲವೇ ಪದ ಉಳಿಯುತ್ತವೆ. ಇದನ್ನು ಗಮನಿಸಿದ ವಿಮರ್ಶಕರು ‘ಅಂದವಾಗಿವೆ’ ಎಂದು ಬರೆಯಲಾರರು.

ಪುಟ ತಿರುಗಿಸುವ ಗಳಿಗೆಯನ್ನೂ ನೋಡಿ. ಬಲಪುಟದ ಕೊನೆಯಲ್ಲಿ ಏನನ್ನು ಬಚ್ಚಿಟ್ಟಿದ್ದಾರೆ, ತಿರುಗಿಸಿದಾಗ ಏನು ಎದುರಾಗುತ್ತದೆ? ಮಗು ಉಸಿರು ಹಿಡಿಯುವುದು ಅಲ್ಲಿಯೇ.

ಮಗುವಿನ ಜೊತೆ ಓದಿ, ಆದರೆ ಮಗುವಿನ ಹೆಸರಿನಲ್ಲಿ ತೀರ್ಪು ಕೊಡಬೇಡಿ

ಒಂದು ಚಿತ್ರಪುಸ್ತಕಕ್ಕೆ ನಾನು ‘ಸಾಧಾರಣ ಕತೆ’ ಎಂದು ಕರಡು ಬರೆದಿದ್ದೆ. ಹುಡುಗನೊಬ್ಬ ಮಳೆಯಲ್ಲಿ ಶಾಲೆಗೆ ಹೋಗುತ್ತಾನೆ, ತಡವಾಗುತ್ತದೆ, ಒಳಗೆ ಬರುತ್ತಾನೆ, ಕತೆ ಅಷ್ಟೇ. ಕಳುಹಿಸುವ ಮುನ್ನ ಅಕ್ಕನ ಮಗಳಿಗೆ ಓದಿ ಹೇಳಿದೆ. ಮುಗಿದ ಮೇಲೆ ಅವಳು ಪುಸ್ತಕವನ್ನು ಕೈಯಿಂದ ತೆಗೆದುಕೊಂಡು ಹಿಂದಿನಿಂದ ಮುಂದಕ್ಕೆ ಪುಟ ಮಗುಚತೊಡಗಿದಳು. ಏನು ಹುಡುಕುತ್ತಿದ್ದೀಯೆ ಎಂದರೆ, ‘ಇವನ ಶೂ ಲೇಸ್ ಎಲ್ಲಾ ಪುಟದಲ್ಲೂ ಬಿಚ್ಚಿಕೊಂಡೇ ಇತ್ತು. ಕೊನೆಯಲ್ಲಿ ಕಟ್ಟಿದೆ. ಯಾರು ಕಟ್ಟಿದ್ದು?’ ಎಂದಳು. ಹುಡುಕಿಯೂ ಬಿಟ್ಟಳು. ಹತ್ತೊಂಬತ್ತನೇ ಪುಟದ ಮೂಲೆಯಲ್ಲಿ, ಗುಂಪಿನ ನಡುವೆ, ಅವನ ತಂಗಿ ಬಗ್ಗಿ ಕೂತಿದ್ದಾಳೆ. ಪಠ್ಯದಲ್ಲಿ ತಂಗಿಯ ಸುದ್ದಿಯೇ ಇಲ್ಲ. ಎರಡು ಸಲ ಓದಿದ್ದ ನಾನು ಅದನ್ನು ಕಂಡಿರಲಿಲ್ಲ. ಆ ಕರಡನ್ನು ಹರಿದು ಹೊಸದಾಗಿ ಬರೆದೆ.

ಮಕ್ಕಳ ಜೊತೆ ಮಾತಾಡುವುದಕ್ಕೂ ಒಂದು ಬಗೆಯಿದೆ. ‘ಇಷ್ಟವಾಯಿತಾ?’ ಎಂದರೆ ‘ಹೂಂ’ ಎನ್ನುತ್ತಾರೆ. ‘ಏಕೆ ಇಷ್ಟವಾಯಿತು?’ ಎಂದರೆ ಪರೀಕ್ಷೆ ಶುರುವಾಯಿತೆಂದು ಬಾಯಿ ಮುಚ್ಚುತ್ತಾರೆ. ಬ್ರಿಟನ್ನಿನ ಮಕ್ಕಳ ಲೇಖಕ ಏಡನ್ ಚೇಂಬರ್ಸ್ ಮಕ್ಕಳೊಡನೆ ಪುಸ್ತಕ ಮಾತಾಡುವ ಒಂದು ಕ್ರಮವನ್ನೇ ರೂಪಿಸಿದರು. ಅದರಲ್ಲಿ ‘ಏಕೆ’ ಬದಲು ‘ಹೇಳು ನೋಡೋಣ’ ಎಂಬ ಧಾಟಿಯಿದೆ. ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ, ಯಾವುದು ಅರ್ಥವಾಗದೆ ಕಾಡಿತು, ಯಾವುದು ಮತ್ತೆ ಮತ್ತೆ ಬಂದಂತೆ ಕಂಡಿತು: ಈ ನಾಲ್ಕೇ ಅದರ ಮೂಲ ಪ್ರಶ್ನೆಗಳು. ಶೂ ಲೇಸಿನ ಪ್ರಶ್ನೆ ಮೂರನೆಯ ಮತ್ತು ನಾಲ್ಕನೆಯ ಗುಂಪಿಗೆ ಒಟ್ಟಿಗೆ ಸೇರಿದ್ದು.

ಆದರೆ ಒಂದು ಮಗು ಎಂದರೆ ಒಂದೇ ಮಗು. ‘ಮಕ್ಕಳು ಇದನ್ನು ಪ್ರೀತಿಸುತ್ತಾರೆ’ ಎಂದು ಬರೆಯುವ ಅಧಿಕಾರ ಯಾರಿಗೂ ಇಲ್ಲ. ಕಂಡದ್ದನ್ನು ಬರೆಯಿರಿ: ‘ಆರು ವರ್ಷದ ಓದುಗಳೊಬ್ಬಳು ಹನ್ನೆರಡನೇ ಪುಟದಲ್ಲಿ ನಿಲ್ಲಿಸಿ ಮೂರು ಸಲ ಓದಿಸಿಕೊಂಡಳು.’ ಇದು ನಿಜ, ಓದುಗರಿಗೂ ಉಪಯೋಗ. ಮಗುವಿನ ಹೆಸರು, ಶಾಲೆ ಇತ್ಯಾದಿ ಬೇಡ.

ಕತೆಯ ಸಾರಾಂಶಕ್ಕೆ ಬೇಲಿ ಹಾಕಿ

ಕತೆ ಹೇಳಿ ಮುಗಿಸುವುದನ್ನೇ ವಿಮರ್ಶೆ ಎಂದುಕೊಂಡವರು ಬಹಳ ಮಂದಿ. ಪುಸ್ತಕದ ಮೊದಲ ಮೂರನೇ ಒಂದು ಭಾಗದಲ್ಲಿ ಗೊತ್ತಾಗುವಷ್ಟನ್ನು ಮಾತ್ರ ಹೇಳಿ, ಅದೂ ನಾಲ್ಕೈದು ವಾಕ್ಯಗಳಲ್ಲಿ. ಪತ್ತೇದಾರಿ ಕತೆಯಾದರೆ ಇನ್ನೂ ಕಡಿಮೆ.

ನೀತಿಯ ತಕ್ಕಡಿಯನ್ನು ಕೆಳಗಿಡಿ

ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕೆಂದಿರುವುದು ಇಲ್ಲಿದೆ. ಮಕ್ಕಳ ಪುಸ್ತಕಗಳ ವಿಮರ್ಶೆ ಹುಟ್ಟಿದ್ದೇ ನೀತಿಯ ಚಿಂತೆಯಿಂದ. ಇಂಗ್ಲೆಂಡಿನಲ್ಲಿ ಲೇಖಕಿ ಸಾರಾ ಟ್ರಿಮ್ಮರ್ 1802ರಿಂದ 1806ರವರೆಗೆ ‘ದಿ ಗಾರ್ಡಿಯನ್ ಆಫ್ ಎಜುಕೇಶನ್’ ಎಂಬ ಪತ್ರಿಕೆ ನಡೆಸಿದರು. ಮಕ್ಕಳ ಪುಸ್ತಕಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುವ ಕೆಲಸ ಗಂಭೀರವಾಗಿ ಶುರುವಾದದ್ದು ಅಲ್ಲಿಂದ. ಅವರು ಕಿನ್ನರಿ ಕತೆಗಳನ್ನು ಅನುಮಾನದ ಕಣ್ಣಿನಿಂದ ನೋಡಿದರು. ಮಕ್ಕಳ ಮನಸ್ಸು ಕೆಡುತ್ತದೆಂಬ ಆತಂಕ. ಇನ್ನೂರು ವರ್ಷ ಕಳೆದರೂ ನಾವು ಅದೇ ತಕ್ಕಡಿಯನ್ನು ಹಿಡಿದು ಕೂತಿದ್ದೇವೆ. ‘ಈ ಪುಸ್ತಕ ಏನು ಕಲಿಸುತ್ತದೆ?’ ಎಂಬುದೇ ಮೊದಲ ಪ್ರಶ್ನೆಯಾಗಿದೆ.

ಆ ಪ್ರಶ್ನೆಯ ಜಾಗದಲ್ಲಿ ಮೂರು ಪ್ರಶ್ನೆಗಳನ್ನಿಟ್ಟು ನೋಡಿ. ಕತೆಯಲ್ಲಿ ತೊಂದರೆ ಬಂದಾಗ ಅದನ್ನು ಬಿಡಿಸುವವರು ಯಾರು, ಮಗುವೇ ಅಥವಾ ಕೊನೆಯ ಎರಡು ಪುಟಗಳಲ್ಲಿ ಇಳಿದು ಬರುವ ದೊಡ್ಡವರೇ? ತಪ್ಪು ಮಾಡಿದ ಪಾತ್ರಕ್ಕೆ ಲೇಖಕರು ಮಾತಾಡಲು ಅವಕಾಶ ಕೊಟ್ಟಿದ್ದಾರೆಯೇ? ಕತೆ ತಾನೇ ತೋರಿಸಿದ್ದನ್ನು ಕೊನೆಯಲ್ಲಿ ಮತ್ತೆ ಬಾಯಿಬಿಟ್ಟು ಹೇಳಿದ್ದಾರೆಯೇ? ಸುಳ್ಳು ಹೇಳಿದ ಹುಡುಗಿಯೊಬ್ಬಳು ರಾತ್ರಿ ನಿದ್ದೆ ಬರದೆ ಎದ್ದು, ನೀರು ಕುಡಿದು, ಅಮ್ಮನ ಕೋಣೆಯ ಬಾಗಿಲವರೆಗೆ ಹೋಗಿ ಹಿಂತಿರುಗುವ ಒಂದು ದೃಶ್ಯ ಸಾಕು. ಅದಾದ ಮೇಲೆ ‘ಸುಳ್ಳು ಹೇಳಬಾರದೆಂದು ಅವಳಿಗೆ ಅರಿವಾಯಿತು’ ಎಂದು ಬರೆಯುವ ಲೇಖಕರು ಮಗುವಿನ ಬುದ್ಧಿಯನ್ನು ನಂಬಿಲ್ಲ. ಆ ವಾಕ್ಯ ಎಲ್ಲಿದೆ ಎಂದು ತೋರಿಸಿ, ಅದು ಏಕೆ ಬೇಡವಾಗಿತ್ತು ಎಂದು ಬರೆಯುವುದು ವಿಮರ್ಶಕರ ಕೆಲಸ. ಒಳ್ಳೆಯ ಲೇಖಕರು ಮುಂದಿನ ಪುಸ್ತಕದಲ್ಲಿ ಅದನ್ನು ನೆನಪಿಡುತ್ತಾರೆ.

ಪುಸ್ತಕದೊಳಗೆ ಯಾರಿದ್ದಾರೆ, ಯಾರಿಲ್ಲ

1965ರಲ್ಲಿ ಅಮೆರಿಕದ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಒಂದು ಸರಳ ಕೆಲಸ ಮಾಡಿದರು: ಎಣಿಸಿದರು. ಅಲ್ಲಿ 1962ರಿಂದ 1964ರ ನಡುವೆ ಬಂದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳಲ್ಲಿ ಒಬ್ಬರಾದರೂ ಕಪ್ಪುವರ್ಣೀಯರು ಕಾಣಿಸಿಕೊಂಡದ್ದು ಶೇ 6.7ರಷ್ಟರಲ್ಲಿ ಮಾತ್ರ. ಮುಂದೆ 1990ರಲ್ಲಿ ಅಲ್ಲಿನ ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್, ಪುಸ್ತಕ ಮಗುವಿಗೆ ಕನ್ನಡಿಯೂ ಹೌದು, ಕಿಟಕಿಯೂ ಹೌದು, ಸರಿಸಿ ಒಳಹೋಗುವ ಗಾಜಿನ ಬಾಗಿಲೂ ಹೌದು ಎಂದು ಬರೆದರು. ಈ ಹೋಲಿಕೆಯನ್ನು ಬಾಯಿಪಾಠದಂತೆ ಬಳಸುವುದು ಬೇಡ. ಪಾತ್ರವೊಂದು ಇದೆ ಎಂಬುದಷ್ಟೇ ಸಾಲದು. ಅದು ಕತೆಯಲ್ಲಿ ಏನು ಮಾಡುತ್ತದೆ ಎಂದು ನೋಡಿ. ಗಾಲಿಕುರ್ಚಿಯಲ್ಲಿರುವ ಹುಡುಗನಿಗೆ ಸ್ವಂತದ್ದೊಂದು ಆಸೆ, ಸಿಟ್ಟು, ತುಂಟತನ ಇದೆಯೇ? ಅಥವಾ ಬೇರೆ ಪಾತ್ರ ಒಳ್ಳೆಯದೆಂದು ತೋರಿಸುವುದಕ್ಕಷ್ಟೇ ಅವನನ್ನು ಕೂರಿಸಿದ್ದಾರೆಯೇ?

ವಯಸ್ಸಿನ ಪಟ್ಟಿ

ಪ್ರಕಾಶಕರು ಮುಖಪುಟದಲ್ಲಿ ಹಾಕಿದ ವಯಸ್ಸನ್ನು ಹಾಗೆಯೇ ನಕಲು ಮಾಡಬೇಡಿ. ಓದುವ ಸಾಮರ್ಥ್ಯ ಬೇರೆ, ಆಸಕ್ತಿ ಬೇರೆ. ಹನ್ನೊಂದರ ಹುಡುಗನಿಗೆ ಕಷ್ಟದ ವಾಕ್ಯಗಳು ಓದಲು ಬಾರದಿರಬಹುದು, ಹಾಗೆಂದು ಅವನಿಗೆ ಮೊಲದ ಮರಿಯ ಕತೆ ಬೇಕಿಲ್ಲ. ಅಧ್ಯಾಯಗಳ ಉದ್ದ, ಅಕ್ಷರದ ಗಾತ್ರ, ಪದಗಳ ಕಷ್ಟ ಇವನ್ನು ತಿಳಿಸಿ. ಸಾವು, ಹಿಂಸೆ, ಮನೆಯೊಳಗಿನ ಜಗಳ ಇದ್ದರೆ ‘ಒಂಬತ್ತನೇ ಅಧ್ಯಾಯದಲ್ಲಿ ಅಜ್ಜನ ಸಾವಿದೆ, ಅದನ್ನು ಸಮಾಧಾನದಿಂದ, ಮುಚ್ಚುಮರೆಯಿಲ್ಲದೆ ಹೇಳಲಾಗಿದೆ’ ಎಂದು ನೇರವಾಗಿ ಬರೆಯಿರಿ. ತನ್ನ ಮಗುವಿಗೆ ಈಗ ಬೇಕೆ, ಆಮೇಲೆ ಬೇಕೆ ಎಂಬುದನ್ನು ತಾಯಿ ನಿರ್ಧರಿಸುತ್ತಾಳೆ.

ಹದಿಹರೆಯದವರ ಪುಸ್ತಕಕ್ಕೆ ಬೇರೆ ಕಿವಿ ಬೇಕು

ಹದಿಹರೆಯದ ಓದುಗರಿಗೆಂದೇ ಬಂದ ಕಾದಂಬರಿಗಳ ಚರಿತ್ರೆಯಲ್ಲಿ 1967ರ ‘ದಿ ಔಟ್‌ಸೈಡರ್ಸ್’ ಒಂದು ಮೈಲಿಗಲ್ಲು. ಬರೆದ ಎಸ್. ಇ. ಹಿಂಟನ್‌ಗೆ ಅದು ಪ್ರಕಟವಾದಾಗ ಹದಿನೆಂಟು ವರ್ಷ. ಹುಡುಗರ ಗುಂಪು ಜಗಳದ ಕತೆಯನ್ನು ಹುಡುಗಿಯೊಬ್ಬಳು ಬರೆದಿದ್ದಾಳೆಂದು ಗೊತ್ತಾದರೆ ವಿಮರ್ಶಕರು ಮೊದಲೇ ಮುಖ ತಿರುಗಿಸಿಯಾರು ಎಂದು ಪ್ರಕಾಶಕರು ಪೂರ್ತಿ ಹೆಸರಿನ ಬದಲು ಮೊದಲಕ್ಷರಗಳನ್ನಷ್ಟೇ ಹಾಕಿದರು. ವಿಮರ್ಶಕರ ಪೂರ್ವಗ್ರಹಕ್ಕೆ ಹೆದರಿ ಲೇಖಕಿಯ ಹೆಸರನ್ನೇ ಮರೆಮಾಡಬೇಕಾಯಿತು ಎಂಬ ಸಂಗತಿ ನನ್ನನ್ನು ಇಂದಿಗೂ ಎಚ್ಚರಿಸುತ್ತದೆ.

ಇಲ್ಲಿ ಮೊದಲು ದನಿಯನ್ನು ಕೇಳಿ. ಹದಿನಾರರ ನಿರೂಪಕಿ ಹದಿನಾರರ ಹಾಗೆ ಯೋಚಿಸುತ್ತಿದ್ದಾಳೆಯೇ, ನಲವತ್ತೈದರ ಲೇಖಕರ ನೆನಪಿನ ಹಾಗೆಯೇ? ಬರೀ ಆಡುಮಾತಿನ ಹೊಸ ಪದಗಳನ್ನು ತುರುಕಿದರೆ ದನಿ ಬರುವುದಿಲ್ಲ. ಎರಡು ವರ್ಷದಲ್ಲಿ ಆ ಪದಗಳು ಹಳಸುತ್ತವೆ. ಗೆಳತಿ ಮಾತು ಬಿಟ್ಟ ಒಂದು ಮಧ್ಯಾಹ್ನ ಲೋಕವೇ ಮುಗಿದಂತೆ ಅನಿಸುವ ಆ ತೀವ್ರತೆಯನ್ನು ಪುಸ್ತಕ ಗೌರವದಿಂದ ಕಾಣುತ್ತದೆಯೇ? ಮುಕ್ತಾಯ ಸುಖಾಂತ್ಯವೇ ಆಗಬೇಕೆಂದು ಕೇಳಬೇಡಿ. ಪಾತ್ರ ಅಲ್ಲಿಗೆ ತನ್ನ ಕಾಲ ಮೇಲೆ ನಡೆದು ಬಂದಿದೆಯೇ ಎಂದು ಕೇಳಿ. ‘ಇಂಥ ವಿಷಯ ಈ ವಯಸ್ಸಿಗೆ ಬೇಕೆ?’ ಎಂಬ ಪ್ರಶ್ನೆ ನಿಮಗೆ ಬಂದರೆ, ಆ ವಯಸ್ಸಿನಲ್ಲಿ ನಿಮಗೆ ಏನೇನು ಗೊತ್ತಿತ್ತು ಎಂದು ಪ್ರಾಮಾಣಿಕವಾಗಿ ನೆನೆದು ಆಮೇಲೆ ಬರೆಯಿರಿ.

ಮಾಹಿತಿ ಪುಸ್ತಕಗಳಿಗೆ ಕೆಲಸ ಬೇರೆ. ನಿಮಗೆ ಚೆನ್ನಾಗಿ ಗೊತ್ತಿರುವ ಮೂರು ಸಂಗತಿಗಳನ್ನು ಆರಿಸಿ ನಿಖರವಾಗಿವೆಯೇ ಎಂದು ಪರೀಕ್ಷಿಸಿ. ಚಿತ್ರದಲ್ಲಿ ಜೇಡಕ್ಕೆ ಎಂಟು ಕಾಲಿವೆಯೇ, ಗ್ರಹಗಳ ಕ್ರಮ ಸರಿಯಿದೆಯೇ? ಕಣ್ಣೆದುರಿನ ಒಂದು ತಪ್ಪು ಸಿಕ್ಕರೆ ಉಳಿದದ್ದನ್ನೂ ತಜ್ಞರಿಗೆ ತೋರಿಸಿ.

ಈಗ ಬರೆಯಿರಿ

ನಾಲ್ಕು ನೂರರಿಂದ ಆರು ನೂರು ಪದ ಸಾಕು. ಪ್ರತಿ ಅಭಿಪ್ರಾಯದ ಬೆನ್ನಿಗೆ ಪುಟದಿಂದ ಒಂದು ಸಾಕ್ಷಿ ನಿಲ್ಲಲಿ. ಉದಾಹರಣೆಗೆ ‘ಭಾಷೆ ಸರಳ, ಸುಂದರ’ ಎಂಬುದನ್ನು ಹೀಗೆ ಬದಲಿಸಬಹುದು: ‘ವಾಕ್ಯಗಳು ಚಿಕ್ಕವು. ಹುಡುಗ ಹೆದರಿದಾಗ ಇನ್ನೂ ಚಿಕ್ಕದಾಗಿ, ಮೂರು ಪದಕ್ಕೆ ಇಳಿಯುತ್ತವೆ. ಓದುವ ಮಗುವಿನ ಉಸಿರೂ ಅವನ ಉಸಿರಿನ ಜೊತೆ ಓಡುತ್ತದೆ.’ ಮೊದಲನೆಯದನ್ನು ಪುಸ್ತಕ ತೆರೆಯದೆಯೂ ಬರೆಯಬಹುದಿತ್ತು, ಎರಡನೆಯದನ್ನು ಬರೆಯಲಾಗದು. ಪುಸ್ತಕದ್ದೇ ಒಂದೆರಡು ವಾಕ್ಯಗಳನ್ನು ಉದ್ಧರಿಸಿ. ಓದುಗರು ತಾವೇ ರುಚಿ ನೋಡಲಿ. ‘ಮನಮುಟ್ಟುವ’, ‘ಮುದ್ದಾದ’, ‘ಕೈಗೆತ್ತಿಕೊಂಡರೆ ಕೆಳಗಿಡಲಾಗದ’ ಇವು ಕಂಡಲ್ಲಿ ಅಳಿಸಿ. ಕರಡಚ್ಚಿನ ಪ್ರತಿ ಓದಿದ್ದರೆ, ಉದ್ಧರಿಸಿದ ವಾಕ್ಯ ಅಂತಿಮ ಪುಸ್ತಕದಲ್ಲಿ ಹಾಗೆಯೇ ಇದೆಯೇ ಎಂದು ಪ್ರಕಾಶಕರನ್ನು ಕೇಳಿ. ಲೇಖಕರು ಪರಿಚಿತರಾದರೆ ಅದನ್ನು ಬಹಿರಂಗವಾಗಿ ಹೇಳಿ. ಆಪ್ತರಾದರೆ ಆ ಪುಸ್ತಕವನ್ನು ಬೇರೆಯವರಿಗೆ ಬಿಡಿ.

ಪುಸ್ತಕ ಚೆನ್ನಾಗಿಲ್ಲದಿದ್ದರೆ? ಹೇಳಲೇಬೇಕು. ‘ಪಾಪ, ಮಕ್ಕಳಿಗಾಗಿ ಬರೆದಿದ್ದಾರೆ’ ಎಂಬ ಕನಿಕರದಿಂದ ಲೇಖಕರಿಗೂ ಮಕ್ಕಳಿಗೂ ಅವಮಾನ. ಕೆಟ್ಟ ವಿಮರ್ಶೆ ಬರೆಯುವ ಮುನ್ನ ನಾನು ಮೂರನೇ ಸಲ ಓದುತ್ತೇನೆ, ಲೇಖಕರು ಏನು ಮಾಡಲು ಹೊರಟಿದ್ದರು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಅದು ಎಲ್ಲಿ ಕೈತಪ್ಪಿತು ಎಂದು ಹೇಳುತ್ತೇನೆ. ಆದರೂ ತಪ್ಪಬಹುದು. 1865ರಲ್ಲಿ ಲೂಯಿಸ್ ಕ್ಯಾರಲ್ ಅವರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಬಂದಾಗ ಲಂಡನ್ನಿನ ‘ಅಥೀನಿಯಂ’ ಪತ್ರಿಕೆಯ ವಿಮರ್ಶಕರಿಗೆ ಅದು ಬಿಗಿದುಕೊಂಡ, ಅತಿಯಾಗಿ ಹೆಣೆದ ಕತೆಯಾಗಿ ಕಂಡಿತು. ಕಾರಣವನ್ನು ಸ್ಪಷ್ಟವಾಗಿ ಬರೆದಿದ್ದರೆ, ನಿಮ್ಮ ತೀರ್ಪನ್ನು ಒಪ್ಪದ ಓದುಗರೂ ಪುಸ್ತಕದ ಬಗ್ಗೆ ಏನನ್ನಾದರೂ ತಿಳಿದುಕೊಳ್ಳುತ್ತಾರೆ.

ಕಳುಹಿಸುವ ಮುನ್ನ ಇನ್ನೊಂದು ಕೆಲಸ. ಲೇಖಕರು, ಕಲಾವಿದರು, ಅನುವಾದಕರು, ಪ್ರಕಾಶಕರು, ಪುಟಗಳು, ಬೆಲೆ ಎಲ್ಲವನ್ನೂ ಪುಸ್ತಕ ಎದುರಿಗಿಟ್ಟುಕೊಂಡು ಹೋಲಿಸಿ ನೋಡಿ. ಹದಿಹರೆಯದವರ ಪುಸ್ತಕವಾದರೆ ವಿಮರ್ಶೆಯನ್ನೂ ಆ ವಯಸ್ಸಿನವರೊಬ್ಬರ ಕೈಗೆ ಕೊಡಿ. ಕಳೆದ ಬಾರಿ ಹದಿನಾಲ್ಕರ ಹುಡುಗನೊಬ್ಬನಿಗೆ ನನ್ನ ಕರಡನ್ನು ಕೊಟ್ಟಿದ್ದೆ. ‘ಇಂದಿನ ಯುವಜನತೆಗೆ ಅತ್ಯಗತ್ಯವಾದ ಕೃತಿ’ ಎಂಬುದರ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ‘ಯಾರಿಗೆ?’ ಎಂದು ಬರೆದುಕೊಟ್ಟ. ಆ ವಾಕ್ಯವನ್ನು ತೆಗೆದೆ. ಅದರ ಜಾಗದಲ್ಲಿ ಅವನು ಯಾವ ಅಧ್ಯಾಯವನ್ನು ಎರಡು ಸಲ ಓದಿದನೆಂದು ಅವನನ್ನೇ ಕೇಳಿ ಬರೆದೆ.